ಬೀಗ ಹಾಕಿದ ಮನೆಗಳು ಮತ್ತು 400ರ ಮಾದರಿ: ಸಮಾಜ ವಿಜ್ಞಾನದ ಅಂಕಿ-ಅಂಶಗಳನ್ನು ಪರೀಕ್ಷಿಸುವುದು ಹೇಗೆ?

ಸಂಶೋಧನಾ ವಿದ್ಯಾರ್ಥಿನಿ, ಲಿಂಗಸುಗೂರು

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಲಿಂಗಸುಗೂರು, ದೇವದುರ್ಗ ಮತ್ತು ಮಸ್ಕಿ ತಾಲ್ಲೂಕುಗಳಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳ ಶಾಲಾ ಶಿಕ್ಷಣವನ್ನು ಕುರಿತು ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯ ಬಳಿಕ ನಾನು ಗಣಿತ ಓದಿಲ್ಲ. ಕೋರ್ಸ್‌ವರ್ಕ್‌ನಲ್ಲಿ ಸರಾಸರಿ, ಮಾನಕ ವಿಚಲನೆ, ಕೈ-ಸ್ಕ್ವೇರ್ ಪರೀಕ್ಷೆಗಳ ಸೂತ್ರಗಳನ್ನು ಬರೆದುಕೊಂಡೆವೇ ಹೊರತು ಯಾವುದನ್ನು ಎಲ್ಲಿ, ಏಕೆ ಬಳಸಬೇಕು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಕ್ಷೇತ್ರಕಾರ್ಯ ಇನ್ನೂ ಆರಂಭವಾಗಿಲ್ಲವಾದ್ದರಿಂದ ಈಗಲೇ ಕೇಳುವುದು ಒಳಿತೆಂದು ಬರೆಯುತ್ತಿದ್ದೇನೆ. ಯಮಾನೆಯವರ ಸೂತ್ರದ ಪ್ರಕಾರ ಮಾದರಿಯ ಗಾತ್ರ 400 ಮನೆಗಳೆಂದು ನನ್ನ ಪ್ರಸ್ತಾವನೆಯಲ್ಲಿದೆ. ಇಪ್ಪತ್ತು ಹಳ್ಳಿಗಳಲ್ಲಿ ತಲಾ ಇಪ್ಪತ್ತು ಮನೆಗಳು ಎಂದು ಹಂಚಿಕೊಂಡಿದ್ದೇನೆ. ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಯನ್ನು ತೆಗೆದುಕೊಳ್ಳಬೇಕೆಂದು ಹಿರಿಯ ಸಂಶೋಧಕರೊಬ್ಬರು ಹೇಳಿದರು. ಇದು ಸರಿಯೇ? ಎರಡನೆಯದಾಗಿ, ಜಿಲ್ಲೆಯ ಸಾಕ್ಷರತೆಗೆ ಒಂದು ಮೂಲದಲ್ಲಿ ಒಂದು ಅಂಕಿ, ಇನ್ನೊಂದರಲ್ಲಿ ಮತ್ತೊಂದು ಅಂಕಿ ಸಿಗುತ್ತಿರುವಾಗ ಯಾವುದನ್ನು ನಂಬಬೇಕು? ಮೂರನೆಯದಾಗಿ, ನನ್ನಂಥವರು ಸಂಖ್ಯಾಶಾಸ್ತ್ರವನ್ನು ಎಲ್ಲಿಂದ ಕಲಿಯಲು ಆರಂಭಿಸಬೇಕು?

ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ, ಬಳ್ಳಾರಿ

ನೋಡಮ್ಮ, ಮೊದಲು ಆ 400ರ ಮಾತಾಡೋಣ. ನಮ್ಮ ಭಾಗದ ಎಷ್ಟು ಪ್ರಬಂಧಗಳನ್ನು ತೆರೆದು ನೋಡಿದರೂ ಅದೇ 400 ಕಾಣಿಸುತ್ತದೆ. ಅದಕ್ಕೆ ಕಾರಣ ಸೂತ್ರದ ಒಳಗೇ ಇದೆ. ಒಟ್ಟು ಮನೆಗಳ ಸಂಖ್ಯೆಯನ್ನು, ಅದೇ ಸಂಖ್ಯೆಗೆ ದೋಷಮಿತಿಯ ವರ್ಗವನ್ನು ಗುಣಿಸಿ ಒಂದನ್ನು ಕೂಡಿಸಿದ ಮೊತ್ತದಿಂದ ಭಾಗಿಸಬೇಕು ಎಂಬುದೇ ಆ ಸೂತ್ರ. ದೋಷಮಿತಿಯನ್ನು, ಅಂದರೆ ಮಾದರಿಯ ಉತ್ತರ ನಿಜದಿಂದ ಎಷ್ಟು ಆಚೀಚೆ ಇರಬಹುದೆಂಬುದನ್ನು, ಶೇ. 5 ಎಂದು ಇಟ್ಟುಕೊಂಡರೆ 2,000 ಮನೆಗಳಿಗೆ 333, 20,000 ಮನೆಗಳಿಗೆ 392, 20 ಲಕ್ಷ ಮನೆಗಳಿಗೆ 400 ಬರುತ್ತದೆ. ಅಂದರೆ ನಿಮ್ಮ ಮೂರು ತಾಲ್ಲೂಕುಗಳಿಗೂ ಇಡೀ ಭಾರತಕ್ಕೂ ಅದು ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ. ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಆ ಉತ್ತರದ ಹಿಂದಿರುವ ಷರತ್ತುಗಳನ್ನು ಯಾರೂ ಬರೆಯುವುದಿಲ್ಲ. ಎಲ್ಲ ಮನೆಗಳ ಪೂರ್ಣ ಪಟ್ಟಿ ಕೈಯಲ್ಲಿರಬೇಕು. ಆ ಪಟ್ಟಿಯಿಂದ ಚೀಟಿ ಎತ್ತಿದಂತೆ ಸರಳ ಯಾದೃಚ್ಛಿಕವಾಗಿ ಮನೆಗಳನ್ನು ಆರಿಸಿರಬೇಕು. ಅಳೆಯುತ್ತಿರುವುದು ಇಡೀ ಮಾದರಿಯಿಂದ ತೆಗೆಯುವ ಒಂದು ಶೇಕಡಾವಾರು ಪ್ರಮಾಣವಾಗಿರಬೇಕು. ಆರಿಸಿದ ಪ್ರತಿ ಮನೆಯೂ ಉತ್ತರ ಕೊಟ್ಟಿರಬೇಕು. ನಿಮ್ಮ ಯೋಜನೆಯಲ್ಲಿ ಈ ನಾಲ್ಕರಲ್ಲಿ ಒಂದೂ ಪೂರ್ತಿಯಾಗಿ ಇಲ್ಲ.

ಮನೆಗಳನ್ನು ನೀವು ನೇರವಾಗಿ ಆರಿಸುತ್ತಿಲ್ಲ, ಮೊದಲು ಹಳ್ಳಿಗಳನ್ನು ಆರಿಸುತ್ತಿದ್ದೀರಿ. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯೇ ಎಂದು ಹೇಳಬಹುದು ಎನ್ನುತ್ತಾರೆ, ಆದರೆ ಅದು ಒಂದೇ ಪಾತ್ರೆಯ ಮಾತು. ಇಪ್ಪತ್ತು ಹಳ್ಳಿಗಳೆಂದರೆ ಇಪ್ಪತ್ತು ಒಲೆಗಳ ಮೇಲಿನ ಇಪ್ಪತ್ತು ಪಾತ್ರೆಗಳು. ಒಂದು ಹಳ್ಳಿಯ ಮಕ್ಕಳೆಲ್ಲ ಸಾಮಾನ್ಯವಾಗಿ ಒಂದೇ ಶಾಲೆಗೆ ಹೋಗುತ್ತಾರೆ, ಒಂದೇ ಮೇಸ್ತ್ರಿಯ ಜೊತೆ ಆ ಊರಿನ ಹಲವು ಕುಟುಂಬಗಳು ಗುಳೆ ಹೋಗುತ್ತವೆ. ಹೀಗಾಗಿ ಅದೇ ಊರಿನ ಇಪ್ಪತ್ತನೆಯ ಮನೆ ಹೇಳುವ ಹೊಸ ವಿಷಯ ಕಡಿಮೆ. ಇದರ ಪರಿಣಾಮವನ್ನು ಅಳೆಯಲು ಲೆಸ್ಲಿ ಕಿಶ್ ಎಂಬ ಸಮೀಕ್ಷಾ ತಜ್ಞರು ಬಳಕೆಗೆ ತಂದ ‘ವಿನ್ಯಾಸ ಪರಿಣಾಮ’ ಎಂಬ ಲೆಕ್ಕವಿದೆ. ಪ್ರತಿ ಹಳ್ಳಿಯಲ್ಲಿ ತೆಗೆದುಕೊಳ್ಳುವ ಮನೆಗಳ ಸಂಖ್ಯೆಯಿಂದ ಒಂದನ್ನು ಕಳೆದು, ಒಂದೇ ಊರಿನ ಮನೆಗಳು ಪರಸ್ಪರ ಎಷ್ಟು ಹೋಲುತ್ತವೆ ಎಂಬ ಅಳತೆಯಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಆ ಹೋಲಿಕೆ 0.05 ಇದ್ದರೆ ನಿಮ್ಮ ವಿನ್ಯಾಸದಲ್ಲಿ ಪರಿಣಾಮ 1.95 ಆಗುತ್ತದೆ, ಅಂದರೆ 400 ಮನೆಗಳು ಸುಮಾರು 205 ಮನೆಗಳಷ್ಟೇ ಕೆಲಸ ಮಾಡುತ್ತವೆ. ಹೋಲಿಕೆ 0.10 ಇದ್ದರೆ ಪರಿಣಾಮ 2.9ಕ್ಕೆ ಏರುತ್ತದೆ, ಉಳಿಯುವುದು 138 ಮಾತ್ರ. ಆಗ ನಿಮ್ಮ ದೋಷಮಿತಿ ಶೇ. 5 ಅಲ್ಲ, ಶೇ. 8ಕ್ಕೂ ಹೆಚ್ಚು. ಅದೇ 400 ಮನೆಗಳನ್ನು ನಲವತ್ತು ಹಳ್ಳಿಗಳಲ್ಲಿ ಹತ್ತರಂತೆ ಹಂಚಿದರೆ, ಹೋಲಿಕೆ 0.10 ಇದ್ದರೂ, 210ರಷ್ಟು ಉಳಿಯುತ್ತವೆ. ಓಡಾಟದ ಖರ್ಚು ಹೆಚ್ಚುತ್ತದೆ, ನಿಜ. ಆದರೂ ಶಾಲಾ ಶಿಕ್ಷಣದಂಥ ವಿಷಯದಲ್ಲಿ ಹಳ್ಳಿಗಳನ್ನು ಹೆಚ್ಚಿಸುವುದೇ ಮೇಲೆಂದು ನಾನು ಹೇಳುತ್ತೇನೆ.

ಇನ್ನೊಂದು ಮಾತು. ಈ ಲೆಕ್ಕವೆಲ್ಲ ಮಾದರಿ ದೋಷಕ್ಕೆ, ಅಂದರೆ ಎಲ್ಲರನ್ನೂ ಕೇಳದೆ ಕೆಲವರನ್ನೇ ಕೇಳುವುದರಿಂದ ಬರುವ ದೋಷಕ್ಕೆ, ಮಾತ್ರ ಸಂಬಂಧಿಸಿದ್ದು. ಪಟ್ಟಿಯಲ್ಲಿ ಬಿಟ್ಟುಹೋದ ಮನೆ, ಬೀಗ ಹಾಕಿದ ಮನೆ, ತಪ್ಪು ಅರ್ಥವಾದ ಪ್ರಶ್ನೆ, ಸಂಕೋಚದಿಂದ ಬಂದ ಉತ್ತರ ಇವ್ಯಾವುವೂ ಸೂತ್ರಕ್ಕೆ ಕಾಣಿಸುವುದಿಲ್ಲ. ಮಾದರಿಯನ್ನು ನಾಲ್ಕು ಸಾವಿರಕ್ಕೆ ಏರಿಸಿದರೂ ಆ ದೋಷಗಳು ಹಾಗೆಯೇ ಉಳಿಯುತ್ತವೆ.

ಸಮೀಕ್ಷಾ ಮೇಲ್ವಿಚಾರಕ, ಕೊಪ್ಪಳ

ಬೀಗ ಹಾಕಿದ ಮನೆಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಮ್ಮ ಕೆಲಸದಲ್ಲಿ ದಿನವೂ ಎದುರಾಗುವ ಪ್ರಶ್ನೆ ಇದೇ. ಬೇರೆ ವಿಷಯದ ಸಮೀಕ್ಷೆಯಾಗಿದ್ದರೆ ಪಕ್ಕದ ಮನೆಯನ್ನು ತೆಗೆದುಕೊಳ್ಳುವುದರಿಂದ ಆಗುವ ಹಾನಿ ಸ್ವಲ್ಪ ಇರಬಹುದಿತ್ತು. ನಿಮ್ಮ ಸಂಶೋಧನೆಯಲ್ಲಿ ಬೀಗವೇ ಉತ್ತರ. ಗುಳೆ ಹೋದವರ ಮನೆಗೆ ಬೀಗ ಇರುತ್ತದೆ, ಹೋಗದವರ ಮನೆ ತೆರೆದಿರುತ್ತದೆ. ಬೀಗ ಕಂಡಾಗಲೆಲ್ಲ ತೆರೆದ ಮನೆಗೆ ಹೋದರೆ, ನೀವು ಯಾರನ್ನು ಹುಡುಕಿಕೊಂಡು ಬಂದಿರೋ ಅವರನ್ನೇ ಪಟ್ಟಿಯಿಂದ ತೆಗೆದು, ಅವರ ಜಾಗದಲ್ಲಿ ಊರಲ್ಲೇ ಉಳಿದವರನ್ನು ಕೂರಿಸಿದಂತಾಗುತ್ತದೆ. ಆಮೇಲೆ ಗುಳೆಯ ಪ್ರಮಾಣ ಕಡಿಮೆಯೆಂದೂ ಮಕ್ಕಳ ಹಾಜರಾತಿ ಚೆನ್ನಾಗಿದೆಯೆಂದೂ ಫಲಿತಾಂಶ ಬರುತ್ತದೆ, ಮತ್ತು ಯಾವ ಪರೀಕ್ಷೆಯೂ ಅದನ್ನು ಹಿಡಿಯಲಾರದು.

ತಿಂಗಳೂ ಮುಖ್ಯ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಜನ ಬೆಂಗಳೂರು, ಪುಣೆ, ಗೋವಾ, ಹೈದರಾಬಾದಿನ ಕಡೆಗೆ ಹೊರಟು ಮುಂಗಾರಿನ ಹೊತ್ತಿಗೆ ಮರಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿರುವ ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಊರುಗಳಿಗೆ ನಾಟಿಯ ಕಾಲದಲ್ಲಿ ಹೊರಗಿನಿಂದಲೇ ಕೂಲಿಕಾರರು ಬರುತ್ತಾರೆ; ಎರಡನೇ ಬೆಳೆಗೆ ನೀರು ಸಿಗದ ವರ್ಷ ಆ ಲೆಕ್ಕ ತಿರುಗಿಬೀಳುತ್ತದೆ. ಮಸ್ಕಿ ತಾಲ್ಲೂಕಿನಲ್ಲಿ ಕಾಲುವೆ ನೀರು ಕಂಡ ಊರು, ಕಾಣದ ಊರು ಎರಡೂ ಇವೆ. ಹಳ್ಳಿಗಳನ್ನು ಆರಿಸುವ ಮುನ್ನ ನೀರಾವರಿ ಊರು, ಒಣ ಊರು ಎಂದು ಎರಡು ಪಟ್ಟಿ ಮಾಡಿಕೊಂಡು, ಎರಡರಿಂದಲೂ ಪ್ರತ್ಯೇಕವಾಗಿ ಎತ್ತಿದರೆ ಒಳ್ಳೆಯದು.

ಮನೆಗಳ ವಿಷಯದಲ್ಲಿ ನಾವು ಮಾಡುವುದು ಹೀಗೆ. ಆರಿಸಿದ ಪ್ರತಿ ಮನೆಗೂ ಒಂದು ಸಾಲು ಇರುತ್ತದೆ, ಉತ್ತರ ಸಿಗಲಿ ಬಿಡಲಿ. ಮಾತಾಡಿದರು, ಒಲ್ಲೆ ಎಂದರು, ದುಡಿಯಲು ಹೋಗಿ ಬೀಗ ಹಾಕಿದೆ, ಬಹಳ ವರ್ಷದಿಂದ ಪಾಳುಬಿದ್ದಿದೆ, ಮನೆಯೇ ಸಿಗಲಿಲ್ಲ ಎಂದು ಪ್ರತ್ಯೇಕ ಗುರುತು ಹಾಕುತ್ತೇವೆ. ಬೀಗವಿದ್ದರೆ ಬೇರೆ ಹೊತ್ತಿನಲ್ಲಿ, ಬೇರೆ ದಿನ ಮತ್ತೆ ಹೋಗುತ್ತೇವೆ, ಏಕೆಂದರೆ ಹೊಲಕ್ಕೆ ಹೋದವರ ಬೀಗವೇ ಬೇರೆ, ಬೆಂಗಳೂರಿಗೆ ಹೋದವರ ಬೀಗವೇ ಬೇರೆ. ಆಗಲೂ ಸಿಗದಿದ್ದರೆ ನೆರೆಹೊರೆಯವರಿಂದ ಎಷ್ಟು ಜನ ಹೋಗಿದ್ದಾರೆ, ಯಾವಾಗ ಹೋದರು, ಮಕ್ಕಳನ್ನು ಕರೆದೊಯ್ದರೋ ಅಜ್ಜಿಯ ಬಳಿ ಬಿಟ್ಟರೋ ಎಂಬಷ್ಟನ್ನು ಮಾತ್ರ ಕೇಳಿ, ಅದು ನೆರೆಯವರ ಮಾತೆಂದು ಬೇರೆಯಾಗಿಯೇ ದಾಖಲಿಸುತ್ತೇವೆ. ಊರಿನ ಜಾತ್ರೆಗೋ ಯುಗಾದಿಗೋ ಜನ ಬಂದಾಗ ಹೋಗಬಹುದೆಂದು ಕೆಲವರು ಹೇಳುತ್ತಾರೆ. ಹೋಗಿ, ಆದರೆ ಹಬ್ಬಕ್ಕೆ ಬರಲು ಖರ್ಚಿಗೆ ಹಣವಿಲ್ಲದವರು, ಮೇಸ್ತ್ರಿಯಿಂದ ಪಡೆದ ಮುಂಗಡ ತೀರದವರು ಆಗಲೂ ಸಿಗುವುದಿಲ್ಲ ಎಂಬುದನ್ನು ಮರೆಯಬೇಡಿ.

ಪ್ರೌಢಶಾಲಾ ಶಿಕ್ಷಕಿ, ಸಿಂಧನೂರು

ಶಾಲೆಯ ದಾಖಲೆಗಳನ್ನು ಬಳಸುವಿರಾದರೆ ಎರಡು ಎಚ್ಚರಿಕೆಗಳು. ನಮ್ಮ ದಾಖಲಾತಿ ಪುಸ್ತಕಗಳಲ್ಲಿ ಜೂನ್ 1ರಂದು ಹುಟ್ಟಿದ ಮಕ್ಕಳು ಎಷ್ಟಿದ್ದಾರೆಂದು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಜನ್ಮ ದಿನಾಂಕ ಗೊತ್ತಿಲ್ಲದಾಗ ಶಾಲೆ ಆರಂಭವಾಗುವ ತಿಂಗಳಿಗೆ ಸರಿಹೊಂದುವಂತೆ ಹಾಕಿದ ದಿನಾಂಕ ಅದು. ಮಗುವಿನ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಬಳಸುವ ಯಾವ ವಿಶ್ಲೇಷಣೆಗೂ ಅದು ಯೋಗ್ಯವಲ್ಲ. ಎರಡನೆಯದು, ದಾಖಲಾತಿಯನ್ನು ಹಾಜರಾತಿ ಎಂದು ಓದಬಾರದು. ಗುಳೆ ಹೋದ ಮಗುವಿನ ಹೆಸರು ಪಟ್ಟಿಯಲ್ಲಿ ಉಳಿದಿರುತ್ತದೆ, ಉಳಿಯಲೂಬೇಕು, ಇಲ್ಲವಾದರೆ ಅದು ಮರಳಿ ಬಂದಾಗ ತೊಂದರೆ. ಶಿಕ್ಷಕರ ಹುದ್ದೆಗಳೂ ಬಿಸಿಯೂಟದ ಲೆಕ್ಕವೂ ಮಕ್ಕಳ ಸಂಖ್ಯೆಗೆ ಕಟ್ಟಿಕೊಂಡಿರುವುದರಿಂದ ಹೆಸರು ತೆಗೆಯಲು ಯಾರಿಗೂ ಅವಸರವಿರುವುದಿಲ್ಲ.

ದೇಶದ ಮಟ್ಟದಲ್ಲಿಯೂ ಇದರ ಒಂದು ರೂಪ ಕಂಡಿದೆ. ದೇಶದ ಎಲ್ಲ ಶಾಲೆಗಳ ಅಂಕಿ-ಅಂಶ ಸಂಗ್ರಹಿಸುವ ಕೇಂದ್ರದ ವ್ಯವಸ್ಥೆಯಾದ ಯುಡೈಸ್ ಪ್ಲಸ್‌ನಲ್ಲಿ 2021-22ರ ವರೆಗೆ ಶಾಲೆಯ ಒಟ್ಟು ಸಂಖ್ಯೆಯನ್ನು ಪಡೆಯುತ್ತಿದ್ದರು, 2022-23ರಿಂದ ಪ್ರತಿ ವಿದ್ಯಾರ್ಥಿಯ ಪ್ರತ್ಯೇಕ ದಾಖಲೆ ಪಡೆಯತೊಡಗಿದರು. ಒಟ್ಟು ದಾಖಲಾತಿ ಸುಮಾರು 26.5 ಕೋಟಿಯಿಂದ 25.2 ಕೋಟಿಗೆ ಇಳಿಯಿತು. ಒಂದೇ ವರ್ಷದಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳು ಶಾಲೆ ಬಿಟ್ಟರೆಂದು ಇದನ್ನು ಓದಿದವರೂ ಇದ್ದಾರೆ. ಎಣಿಸುವ ಕ್ರಮವೇ ಬದಲಾದ ಮೇಲೆ ಎರಡು ವರ್ಷಗಳನ್ನು ಹಾಗೆ ನೇರವಾಗಿ ಹೋಲಿಸಲು ಬರುವುದಿಲ್ಲ.

ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ, ಬಳ್ಳಾರಿ

ಮೇಡಂ ಅವರು ಹೇಳಿದ ಜೂನ್ 1ರ ಮಾತಿಗೆ ಒಂದು ಸೇರ್ಪಡೆ. ವಯಸ್ಸು ಕೇಳಿದಾಗ ಜನ ಮೂವತ್ತು, ಮೂವತ್ತೈದು, ನಲವತ್ತು ಎಂದು ಹೇಳುವುದು ನಮ್ಮ ಜನಗಣತಿಗಳಲ್ಲಿ ಹಿಂದಿನಿಂದಲೂ ಇರುವ ಸಂಗತಿ. ಅದನ್ನು ಅಳೆಯಲು ವಿಪಲ್ ಸೂಚ್ಯಂಕವಿದೆ. 23ರಿಂದ 62ರ ವರೆಗಿನ ವಯಸ್ಸಿನವರಲ್ಲಿ 0 ಮತ್ತು 5ರಿಂದ ಕೊನೆಗೊಳ್ಳುವ ವಯಸ್ಸು ಹೇಳಿದವರ ಸಂಖ್ಯೆಯನ್ನು ಐದರಿಂದ ಗುಣಿಸಿ, ಆ ಗುಂಪಿನ ಒಟ್ಟು ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಹೀಗೆ ಕೆಲವೇ ವಯಸ್ಸುಗಳ ಮೇಲೆ ಗುಡ್ಡೆಬೀಳುವಿಕೆ ಇಲ್ಲದಿದ್ದರೆ 100, ಎಲ್ಲರೂ ಹಾಗೆಯೇ ಹೇಳಿದ್ದರೆ 500. ಇದನ್ನು ಎಕ್ಸೆಲ್‌ನಲ್ಲಿಯೇ ಮಾಡಬಹುದು, ಮತ್ತು ನಿಮ್ಮ 400 ಮನೆಗಳ ವಯಸ್ಕರ ಮೇಲೆ ಮಾಡಲೇಬೇಕು. ಪ್ರಶ್ನೆ ಕೇಳಲು ಸಹಾಯಕರನ್ನು ಇಟ್ಟುಕೊಂಡಿದ್ದರೆ ಒಬ್ಬೊಬ್ಬರದನ್ನೂ ಬೇರೆಯಾಗಿ ತೆಗೆದು ನೋಡಿ.

ಸ್ವಾರಸ್ಯವೆಂದರೆ, ಗುಡ್ಡೆಬೀಳುವಿಕೆ ಸ್ವಲ್ಪವೂ ಇಲ್ಲದಿರುವುದು ಇನ್ನೂ ದೊಡ್ಡ ಅನುಮಾನಕ್ಕೆ ಕಾರಣ. 2012ರಲ್ಲಿ ಅಮೆರಿಕದ ಪ್ರತಿಷ್ಠಿತ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಾಮಾಣಿಕತೆಯ ಕುರಿತೇ ಒಂದು ಪ್ರಬಂಧ ಪ್ರಕಟವಾಗಿತ್ತು. ಅರ್ಜಿಯ ಕೊನೆಯಲ್ಲಿ ಸಹಿ ಮಾಡುವುದಕ್ಕಿಂತ ಆರಂಭದಲ್ಲಿಯೇ ಮಾಡಿದರೆ ಜನ ಹೆಚ್ಚು ನಿಜ ಹೇಳುತ್ತಾರೆ ಎಂಬುದು ಅದರ ವಾದ. ಕಾರು ವಿಮೆಯ ಗ್ರಾಹಕರು ಬರೆದುಕೊಟ್ಟ ಮೈಲಿಗಳ ಲೆಕ್ಕ ಅದಕ್ಕೆ ಆಧಾರ. 2021ರಲ್ಲಿ ಆ ದತ್ತಾಂಶವನ್ನು ಪರೀಕ್ಷಿಸಿದವರಿಗೆ ಕಂಡದ್ದೇನೆಂದರೆ, ಸೊನ್ನೆಯಿಂದ ಐವತ್ತು ಸಾವಿರ ಮೈಲಿಗಳ ವರೆಗೆ ಎಲ್ಲ ದೂರಗಳೂ ಸಮಸಮವಾಗಿ ಹರಡಿದ್ದವು, ಅದಕ್ಕಿಂತ ಮುಂದೆ ಏನೂ ಇರಲಿಲ್ಲ, ಮತ್ತು ಎರಡನೇ ಬಾರಿ ಬರೆದುಕೊಟ್ಟರೆನ್ನಲಾದ ಅಂಕಿಗಳಲ್ಲಿ ಮನುಷ್ಯರು ಮಾಡುವ ಹಾಗೆ ಸಾವಿರಕ್ಕೋ ಐನೂರಕ್ಕೋ ಪೂರ್ಣಗೊಳಿಸಿದ ಸುಳಿವೇ ಇರಲಿಲ್ಲ. ಆ ವರ್ಷವೇ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಕ್ಷೇತ್ರದಿಂದ ಬಂದ ಅಂಕಿಗಳು ಅತಿ ನಯವಾಗಿದ್ದರೆ ನನಗೆ ಭಯವಾಗುತ್ತದೆ.

ಅರ್ಥಶಾಸ್ತ್ರ ಸಂಶೋಧಕ, ಸಂಡೂರು

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಎರಡು ಮೂಲಗಳಲ್ಲಿ ಎರಡು ಅಂಕಿ ಇದ್ದರೆ ಒಂದು ಸುಳ್ಳೆಂದು ಭಾವಿಸಬೇಕಾಗಿಲ್ಲ. ಯಾರನ್ನು, ಯಾವಾಗ, ಯಾವ ಗಡಿಯೊಳಗೆ, ಹೇಗೆ ಕೇಳಿದರು ಎಂದು ನೋಡಿದರೆ ಬಹುಪಾಲು ವ್ಯತ್ಯಾಸ ಅರ್ಥವಾಗುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ಕೊಪ್ಪಳದ್ದು ಶೇ. 68.09, ರಾಜ್ಯದ್ದು ಶೇ. 75.36. ಇದು ಏಳು ವರ್ಷ ಮತ್ತು ಮೇಲ್ಪಟ್ಟ ಎಲ್ಲರ ಲೆಕ್ಕ. ಓದಲು ಬರೆಯಲು ಬರುತ್ತದೆಯೇ ಎಂದು ಮನೆಯವರಲ್ಲಿ ಕೇಳಿ ಬರೆದುಕೊಂಡದ್ದು, ಪರೀಕ್ಷಿಸಿದ್ದಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಿಳೆಯರ ಸಾಕ್ಷರತೆಯೆಂದರೆ 15ರಿಂದ 49 ವಯಸ್ಸಿನವರದು ಮಾತ್ರ. ಒಂಬತ್ತನೇ ತರಗತಿ ಮುಗಿಸದವರ ಕೈಗೆ ವಾಕ್ಯ ಬರೆದ ಕಾರ್ಡ್ ಕೊಟ್ಟು, ಪೂರ್ತಿಯಾಗಿಯೋ ಭಾಗಶಃವೋ ಓದಿದರೆ ಸಾಕ್ಷರರೆಂದು ಎಣಿಸಿದ್ದಾರೆ. ವಯಸ್ಸಾದವರು ಹೊರಗುಳಿದರೆ ಅಂಕಿ ಏರುತ್ತದೆ, ಓದಿಸಿ ನೋಡಿದರೆ ಇಳಿಯುತ್ತದೆ. ಎರಡನ್ನೂ ಒಂದೇ ರೇಖಾಚಿತ್ರದಲ್ಲಿ ಜೋಡಿಸಿ ಪ್ರಗತಿ ತೋರಿಸುವುದು ನಮ್ಮ ಕಡೆ ಬಹಳ ಸಾಮಾನ್ಯವಾಗಿಬಿಟ್ಟಿದೆ.

ಆ ಸಮೀಕ್ಷೆಯ ಜಿಲ್ಲಾ ಪತ್ರಿಕೆಗಳನ್ನು ನೋಡುವಾಗ ಆವರಣ ಚಿಹ್ನೆಯೊಳಗಿನ ಅಂಕಿಗಳ ಮೇಲೆ ಕಣ್ಣಿಡಿ. ಅವು 25ರಿಂದ 49 ಪ್ರಕರಣಗಳ ಮೇಲೆ ಮಾತ್ರ ನಿಂತಿವೆ ಎಂದರ್ಥ. 25ಕ್ಕಿಂತ ಕಡಿಮೆ ಇದ್ದರೆ ಅಂಕಿಯ ಬದಲು ನಕ್ಷತ್ರ ಹಾಕಿರುತ್ತಾರೆ. ಪ್ರಬಂಧಗಳಿಗೆ ನಕಲಿಸುವಾಗ ಆ ಆವರಣ ಚಿಹ್ನೆಗಳು ಮಾಯವಾಗುತ್ತವೆ.

ಗಡಿಯ ವಿಷಯ ಇನ್ನೂ ತೊಡಕಿನದು. 2011ರ ಜನಗಣತಿಯ ಕೋಷ್ಟಕದಲ್ಲಿ ಮಸ್ಕಿ ತಾಲ್ಲೂಕನ್ನು ಹುಡುಕಿದರೆ ನಿಮಗೆ ಸಿಗದು, ಏಕೆಂದರೆ ಆಗ ರಾಯಚೂರು ಜಿಲ್ಲೆಯಲ್ಲಿದ್ದುದು ಐದೇ ತಾಲ್ಲೂಕುಗಳು. ಇಂದಿನ ಮಸ್ಕಿಯ ಹಳ್ಳಿಗಳನ್ನು ಗ್ರಾಮ ಸಂಕೇತಗಳ ಮೂಲಕ ಒಂದೊಂದಾಗಿ ಹುಡುಕಿ ಕೂಡಿಸಿಕೊಳ್ಳಬೇಕು. ಬಳ್ಳಾರಿಯ ಕಥೆ ಇನ್ನೂ ದೊಡ್ಡದು: ಹರಪನಹಳ್ಳಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಗಿ, ಮುಂದೆ ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಹೊಸಪೇಟೆಯೊಂದಿಗೆ ವಿಜಯನಗರ ಜಿಲ್ಲೆಗೆ ಸೇರಿತು. 2011ರ ಬಳ್ಳಾರಿಯ ಜನಸಂಖ್ಯೆ 24 ಲಕ್ಷ 52 ಸಾವಿರ. ಮುಂದಿನ ಜನಗಣತಿಯ ಅಂಕಿ ಬಂದಾಗ ಅದರೊಂದಿಗೆ ನೇರವಾಗಿ ಹೋಲಿಸಿದರೆ ಜಿಲ್ಲೆಯೇ ಖಾಲಿಯಾದಂತೆ ಕಾಣುತ್ತದೆ. ಕೊಪ್ಪಳವೂ 1997ಕ್ಕೆ ಮೊದಲು ರಾಯಚೂರಿನ ಭಾಗ.

ತಲಾ ಆದಾಯದ ಬಗ್ಗೆಯೂ ಒಂದು ಮಾತು, ಏಕೆಂದರೆ ಅದು ನನ್ನ ಊರಿನ ವಿಷಯ. ಅದಕ್ಕೆ ಆಧಾರವಾದ ಜಿಲ್ಲಾ ಆಂತರಿಕ ಉತ್ಪನ್ನವನ್ನು ಉತ್ಪಾದನೆ ಎಲ್ಲಿ ಆಯಿತೋ ಅಲ್ಲಿಗೆ ಹಚ್ಚುತ್ತಾರೆ. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು ಬಳ್ಳಾರಿಯ ಲೆಕ್ಕಕ್ಕೆ ಸೇರುತ್ತವೆ. ಅದರ ಲಾಭ ಎಲ್ಲಿ ಖರ್ಚಾಯಿತು ಎಂಬುದು ಆ ಲೆಕ್ಕದಲ್ಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಆ ಅಂಕಿಗೆ ಬಿದ್ದ ಪೆಟ್ಟಿಗೂ ಗಣಿ ಕೂಲಿಕಾರರ ಮನೆಗೆ ಬಿದ್ದ ಪೆಟ್ಟಿಗೂ ಅಳತೆಯಲ್ಲಿ ಸಂಬಂಧವಿರಬೇಕಾಗಿಲ್ಲ. ಮೇಲಾಗಿ, ಈ ಲೆಕ್ಕದ ಹಲವು ಅಂಶಗಳನ್ನು ಜಿಲ್ಲೆಯಲ್ಲಿ ಅಳೆಯುವುದೇ ಇಲ್ಲ, ರಾಜ್ಯದ ಮೊತ್ತವನ್ನು ಯಾವುದಾದರೊಂದು ಸೂಚಕದ ಪ್ರಕಾರ ಜಿಲ್ಲೆಗಳಿಗೆ ಹಂಚುತ್ತಾರೆ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ರಾಜ್ಯ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ಅಳೆದು 39ನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಆ ಕೆಲಸದ ಮಹತ್ವವನ್ನು ನಾನು ಒಪ್ಪುತ್ತೇನೆ, ಆದರೆ ಇಂದಿಗೂ ಆ ಪಟ್ಟಿಯನ್ನು ಈಗಿನ ಸ್ಥಿತಿಯೆಂದು ಪ್ರಬಂಧದ ಮೊದಲ ಅಧ್ಯಾಯದಲ್ಲಿ ಬರೆಯುವುದನ್ನು ಒಪ್ಪಲಾರೆ.

ಇತಿಹಾಸ ಅಧ್ಯಾಪಕ, ಕುಷ್ಟಗಿ

ಎಲ್ಲರ ಮಾತನ್ನೂ ಓದಿದ ಮೇಲೆ ನನ್ನ ಸಂದೇಹ ಹೆಚ್ಚಾಗಿದೆ. ಪಟ್ಟಿ ಸರಿಯಿಲ್ಲ, ವಯಸ್ಸು ಸರಿಯಿಲ್ಲ, ಗಡಿ ಸರಿಯಿಲ್ಲ ಎಂದ ಮೇಲೆ 400 ಮನೆಗಳನ್ನು ಏಕೆ ಎಣಿಸಬೇಕು? ಹತ್ತು ಕುಟುಂಬಗಳ ಜೊತೆ ವರ್ಷವಿಡೀ ಇದ್ದು ಬರೆದರೆ ಗುಳೆಯ ಬಗ್ಗೆ ಹೆಚ್ಚು ತಿಳಿಯುವುದಿಲ್ಲವೇ? ನಮ್ಮ ಜಿಲ್ಲೆಗಳ ಹಳೆಯ ಅಂಕಿಗಳಂತೂ ಬೇರೆ ಬೇರೆ ಆಡಳಿತಗಳವು. ಬಳ್ಳಾರಿ 1953ರ ವರೆಗೆ ಮದ್ರಾಸಿನದು, ರಾಯಚೂರು, ಕೊಪ್ಪಳ 1956ರ ವರೆಗೆ ಹೈದರಾಬಾದಿನವು. 1876-78ರ ಬರದಲ್ಲಿ ಬಳ್ಳಾರಿ ಜಿಲ್ಲೆ ಎಷ್ಟು ಜನರನ್ನು ಕಳೆದುಕೊಂಡಿತೆಂದು ತಿಳಿಯಲು 1871ರ ಜನಗಣತಿಯನ್ನು 1891ರದರ ಪಕ್ಕ ಇಟ್ಟವರು, ನಡುವೆ 1882ರಲ್ಲಿ ಅನಂತಪುರ ಬೇರೆಯಾದುದನ್ನು ಗಮನಿಸದಿದ್ದರೆ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಿ.

ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ, ಬಳ್ಳಾರಿ

ಸರ್, ಹತ್ತು ಕುಟುಂಬಗಳ ಜೊತೆಗಿರುವ ಕೆಲಸವನ್ನು ನಾನು ಗೌರವಿಸುತ್ತೇನೆ. ಆದರೆ ಯಾವ ಹತ್ತು ಕುಟುಂಬಗಳು ಎಂಬ ಪ್ರಶ್ನೆ ಅಲ್ಲಿಯೂ ಬೆನ್ನು ಬಿಡುವುದಿಲ್ಲ. ದೋಷವಿದೆ ಎಂದು ತಿಳಿಯುವುದಕ್ಕೂ ದೋಷ ಯಾವ ದಿಕ್ಕಿನದು, ಎಷ್ಟು ದೊಡ್ಡದು ಎಂದು ತಿಳಿಯುವುದಕ್ಕೂ ಬಹಳ ಅಂತರವಿದೆ. ನಿಮ್ಮ ಅನಂತಪುರದ ಉದಾಹರಣೆಯೇ ನೋಡಿ: ಬೇರೆಯಾದ ತಾಲ್ಲೂಕುಗಳ ಲೆಕ್ಕವನ್ನು ಮತ್ತೆ ಕೂಡಿಸಿದರೆ ಆ ಹೋಲಿಕೆ ಸರಿಯಾಗುತ್ತದೆ.

ದೇಶದ ಬಡತನದ ಲೆಕ್ಕದಲ್ಲಿ ನಡೆದ ಒಂದು ಪ್ರಸಂಗವನ್ನು ಸಂಶೋಧನೆ ಮಾಡುವವರೆಲ್ಲ ಓದಬೇಕು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 1999-2000ರ 55ನೇ ಸುತ್ತಿನಲ್ಲಿ ಆಹಾರದ ಖರ್ಚನ್ನು ಕಳೆದ ಏಳು ದಿನಗಳಿಗೂ ಮೂವತ್ತು ದಿನಗಳಿಗೂ ಅಕ್ಕಪಕ್ಕದ ಕಲಂಗಳಲ್ಲಿ, ಒಂದೇ ಮನೆಯವರಿಂದ ಕೇಳಿದರು. ಜನ, ಅಥವಾ ಬರೆದುಕೊಳ್ಳುವವರು, ಒಂದು ಕಲಮನ್ನು ಇನ್ನೊಂದಕ್ಕೆ ಹೊಂದಿಸಿದರು. ಮೂವತ್ತು ದಿನಗಳ ಖರ್ಚು ಹಿಂದಿನ ಸುತ್ತುಗಳಿಗಿಂತ ಹೆಚ್ಚಾಗಿ ಬಂತು, ಬಡತನ 1993-94ರ ಶೇ. 36ರಿಂದ ಶೇ. 26ಕ್ಕೆ ಇಳಿಯಿತೆಂದು ಅಧಿಕೃತ ಅಂಕಿ ಹೊರಬಿತ್ತು. ಇದು ಬಡತನದ ಇಳಿಕೆಯೋ ಪ್ರಶ್ನಾವಳಿಯ ಇಳಿಕೆಯೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆ ದತ್ತಾಂಶವನ್ನು ಯಾರೂ ಎಸೆಯಲಿಲ್ಲ. ಇಂಧನ, ದೀಪದಂಥ ಕೆಲವು ಬಾಬತ್ತುಗಳನ್ನು ಹಳೆಯ ಸುತ್ತುಗಳಲ್ಲಿಯೂ ಹೊಸ ಸುತ್ತಿನಲ್ಲಿಯೂ ಮೂವತ್ತು ದಿನಗಳಿಗೇ ಕೇಳಿದ್ದರೆಂಬುದನ್ನು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಗಮನಿಸಿ, ಆ ಖರ್ಚಿನ ಮೂಲಕ ಒಟ್ಟು ಖರ್ಚನ್ನು ಅಂದಾಜಿಸಿ, ಬಡತನ ಇಳಿದದ್ದು ನಿಜ, ಆದರೆ ಅಧಿಕೃತ ಅಂಕಿ ಹೇಳಿದಷ್ಟಲ್ಲ ಎಂದು ತೋರಿಸಿದರು. ಇದಕ್ಕೆ ಬೇಕಾದದ್ದು ಕಷ್ಟದ ಗಣಿತಕ್ಕಿಂತ ಮೊದಲು ಪ್ರಶ್ನಾವಳಿಯನ್ನು ಸಾಲುಸಾಲಾಗಿ ಓದುವ ತಾಳ್ಮೆ.

ಇನ್ನು ಕಲಿಕೆ. ಅಮ್ಮಾ, ಪರೀಕ್ಷೆಗಳ ಹೆಸರಿನಿಂದ ಆರಂಭಿಸಬೇಡಿ. ಮೂವತ್ತು ಮನೆಗಳ ಅಂಕಿಗಳನ್ನು ಕೈಯಿಂದಲೇ ಏರಿಕೆಯ ಕ್ರಮದಲ್ಲಿ ಬರೆದು ಸರಾಸರಿಯನ್ನೂ, ನಟ್ಟನಡುವೆ ಬರುವ ಅಂಕಿಯಾದ ಮಧ್ಯಾಂಕವನ್ನೂ ತೆಗೆಯಿರಿ. ಮುಂಗಡದ ಮೊತ್ತದಂಥ ವಿಷಯದಲ್ಲಿ ಎರಡರ ನಡುವೆ ಎಷ್ಟು ಅಂತರ ಬರುತ್ತದೆ ನೋಡಿ. ಎರಡು ಕಲಂಗಳ ಕೋಷ್ಟಕದಲ್ಲಿ ಶೇಕಡಾವಾರನ್ನು ಅಡ್ಡಸಾಲಿನಲ್ಲಿ ತೆಗೆಯಬೇಕೋ ಕಂಬಸಾಲಿನಲ್ಲಿ ತೆಗೆಯಬೇಕೋ ಎಂಬುದು ಗಟ್ಟಿಯಾದರೆ ಅರ್ಧ ಕೆಲಸ ಮುಗಿದಂತೆ. ಗುಳೆ ಹೋದವರಲ್ಲಿ ಶಾಲೆ ಬಿಟ್ಟ ಮಕ್ಕಳೆಷ್ಟು ಎಂಬುದೂ, ಶಾಲೆ ಬಿಟ್ಟವರಲ್ಲಿ ಗುಳೆ ಹೋದವರೆಷ್ಟು ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಆಮೇಲೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆವಾರು ದತ್ತಾಂಶವನ್ನು ಸಾಂಖ್ಯಿಕ ಸಚಿವಾಲಯದ ಜಾಲತಾಣದಿಂದ ಉಚಿತವಾಗಿ ಪಡೆದು, ಅವರ ವರದಿಯ ಒಂದೇ ಒಂದು ಕೋಷ್ಟಕವನ್ನು ನೀವೇ ಮತ್ತೆ ಮಾಡಿ. ಮಾದರಿಯ ಪ್ರತಿ ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂದು ಹೇಳುವ ತೂಕಗಳನ್ನು ಬಳಸದಿದ್ದರೆ ಉತ್ತರ ಹೊಂದುವುದಿಲ್ಲ. ಏಕೆ ಹೊಂದುವುದಿಲ್ಲ ಎಂದು ಹುಡುಕುವುದೇ ಪಾಠ. ಲೆಕ್ಕದ ತಂತ್ರಾಂಶಕ್ಕಾಗಿ ಎಸ್‌ಪಿಎಸ್‌ಎಸ್‌ಗೆ ಹಣ ಕೊಡಬೇಕಾಗಿಲ್ಲ, ‘ಆರ್’ ಎಂಬ ತಂತ್ರಾಂಶ ಉಚಿತ, ಪಿಎಸ್‌ಪಿಪಿ ಕೂಡ ಉಚಿತ.

ಎರಡು ಗುಣಗಳ ನಡುವೆ ಸಂಬಂಧವಿದೆಯೇ ಎಂದು ನೋಡುವ ಕೈ-ಸ್ಕ್ವೇರ್ ಪರೀಕ್ಷೆ ಮಾಡುವುದಾದರೆ ಪ್ರತಿ ಪ್ರಕರಣವೂ ಸ್ವತಂತ್ರವಾಗಿರಬೇಕು ಎಂಬ ಷರತ್ತು ನೆನಪಿರಲಿ. ಒಂದೇ ಮನೆಯ ಮೂವರು ಮಕ್ಕಳನ್ನು ಮೂರು ಪ್ರಕರಣಗಳೆಂದು ಎಣಿಸಿದರೆ ಇಲ್ಲದ ಸಂಬಂಧವೂ ಇದ್ದಂತೆ ತೋರುತ್ತದೆ. ನಿಜವಾದ ಸಂಬಂಧವಿಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವವೆಷ್ಟು ಎಂದು ಹೇಳುವ ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಸಂಬಂಧ ದೊಡ್ಡದೆಂದೋ ಮುಖ್ಯವೆಂದೋ ಅರ್ಥವಲ್ಲವೆಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಹೇಳಿಕೆ ಹೊರಡಿಸಬೇಕಾಯಿತು. ತಾಲ್ಲೂಕು ಮಟ್ಟದ ಅಂಕಿಗಳಿಂದ ಮನೆಯ ಮಟ್ಟದ ತೀರ್ಮಾನಕ್ಕೆ ಹಾರುವುದೂ ಬೇಡ. 1930ರ ಅಮೆರಿಕದ ಜನಗಣತಿಯಲ್ಲಿ ವಿದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು, ಎರಡೂ ಒಟ್ಟಿಗೆ ಏರಿಳಿಯುವುದನ್ನು ಅಳೆಯುವ ಸಹಸಂಬಂಧ ಋಣ 0.53, ವ್ಯಕ್ತಿಗಳ ಮಟ್ಟದಲ್ಲಿ ನೋಡಿದರೆ ಅದು ಧನ 0.12. ವಲಸೆಗಾರರು ಸಾಕ್ಷರತೆ ಹೆಚ್ಚಿದ್ದ ರಾಜ್ಯಗಳಲ್ಲಿ ನೆಲೆಸಿದ್ದರು, ಅಷ್ಟೆ. 1950ರಲ್ಲಿ ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ತೋರಿಸಿದರು, ಅಂದರೆ ಇದು ನಿಮ್ಮ ಶಾಸ್ತ್ರದವರೇ ಕಂಡ ಸಂಗತಿ.

ಸಂಶೋಧನಾ ವಿದ್ಯಾರ್ಥಿನಿ, ಲಿಂಗಸುಗೂರು

ಎಲ್ಲರಿಗೂ ಧನ್ಯವಾದಗಳು. ಹಳ್ಳಿಗಳನ್ನು ನಲವತ್ತಕ್ಕೆ ಏರಿಸಿ, ಒಣ ಊರು, ನೀರಾವರಿ ಊರು ಎಂದು ಎರಡು ಪಟ್ಟಿ ಮಾಡುತ್ತೇನೆ. ಪಕ್ಕದ ಮನೆಯ ಬದಲಾವಣೆಯನ್ನು ಕೈಬಿಡುತ್ತೇನೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ. ಗುಳೆ ಕುಟುಂಬ ಎಂದು ಯಾರನ್ನು ಕರೆಯಬೇಕು? ತಂದೆ ಮಾತ್ರ ಹೋಗಿ ತಾಯಿ ಮಕ್ಕಳು ಉಳಿದ ಮನೆ, ತಂದೆತಾಯಿ ಹೋಗಿ ಮಕ್ಕಳು ಅಜ್ಜಿಯ ಬಳಿ ಇರುವ ಮನೆ, ಎಲ್ಲರೂ ಹೋದ ಮನೆ, ಇವೆಲ್ಲ ಒಂದೇ ಗುಂಪಿಗೆ ಸೇರುತ್ತವೆಯೇ?

ಅರ್ಥಶಾಸ್ತ್ರ ಸಂಶೋಧಕ, ಸಂಡೂರು

ರಾಷ್ಟ್ರೀಯ ಮಾದರಿ ಸಮೀಕ್ಷೆಯ 2007-08ರ 64ನೇ ಸುತ್ತಿನಲ್ಲಿ, ಹಿಂದಿನ 365 ದಿನಗಳಲ್ಲಿ ಕೆಲಸಕ್ಕಾಗಿ ಒಂದು ತಿಂಗಳು ಅಥವಾ ಹೆಚ್ಚು, ಆದರೆ ಆರು ತಿಂಗಳಿಗಿಂತ ಕಡಿಮೆ ಹೊರಗಿದ್ದವರನ್ನು ಅಲ್ಪಾವಧಿ ವಲಸೆಗಾರರೆಂದು ಕರೆದರು. ದೀಪಾವಳಿ ಮುಗಿಸಿ ಹೋಗಿ ಮುಂಗಾರಿಗೆ ಬರುವ ನಿಮ್ಮ ಎಷ್ಟೋ ಕುಟುಂಬಗಳು ಆರು ತಿಂಗಳನ್ನು ದಾಟುತ್ತವೆ, ಆ ವ್ಯಾಖ್ಯೆಗೆ ಸಿಗುವುದೇ ಇಲ್ಲ. ಜನಗಣತಿಯಲ್ಲಿಯೂ ಹಾಗೆಯೇ: 2011ರ ಫೆಬ್ರವರಿ 9ರಿಂದ 28ರ ವರೆಗೆ ಪೂರ್ತಿ ಹೊರಗಿದ್ದವರನ್ನು ಊರಿನಲ್ಲಿ ಎಣಿಸುವಂತಿರಲಿಲ್ಲ, ಇದ್ದ ಕಡೆಯೇ ಎಣಿಸಬೇಕಿತ್ತು. ಗುಳೆಯ ನಟ್ಟನಡುವಿನ ದಿನಗಳು ಅವು. ಹಳ್ಳಿಯ ಮನೆಪಟ್ಟಿಗೆ ಜನಗಣತಿಯ ಅಂಕಿಯನ್ನು ಆಧಾರ ಮಾಡಿಕೊಳ್ಳುವಾಗ ಇದು ಮನಸ್ಸಿನಲ್ಲಿರಲಿ.

ಸಮೀಕ್ಷಾ ಮೇಲ್ವಿಚಾರಕ, ಕೊಪ್ಪಳ

ನೀವು ಗುಳೆ ಹೋಗುತ್ತೀರಾ ಎಂದು ಕೇಳಲೇಬೇಡಿ, ಮೇಡಂ. ಮನೆಯ ಪ್ರತಿ ಸದಸ್ಯರಿಗೂ ಒಂದು ಸಾಲು, ಹನ್ನೆರಡು ತಿಂಗಳಿಗೆ ಹನ್ನೆರಡು ಚೌಕ ಹಾಕಿ, ಯಾವ ತಿಂಗಳು ಯಾವ ಊರಿನಲ್ಲಿದ್ದರು ಎಂದು ಮಾತ್ರ ತುಂಬಿಸಿ. ವ್ಯಾಖ್ಯೆಯನ್ನು ಆಮೇಲೆ ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು: ಮೂರು ಬಗೆಯ ಮನೆಗಳನ್ನೂ ಬೇರ್ಪಡಿಸಬಹುದು, 64ನೇ ಸುತ್ತಿನ ವ್ಯಾಖ್ಯೆಯ ಪ್ರಕಾರವೂ ಲೆಕ್ಕ ತೆಗೆದು ನಿಮ್ಮದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಎಂದು ತೋರಿಸಬಹುದು. ಮಗುವಿನ ಸಾಲನ್ನು ಶಾಲೆಯ ಹಾಜರಾತಿ ಪುಸ್ತಕದ ಪಕ್ಕ ಇಟ್ಟು ನೋಡಿದರೆ ಎರಡರಲ್ಲಿ ಎಲ್ಲಿ ತಪ್ಪಿದೆ ಎಂಬುದೂ ತಿಳಿಯುತ್ತದೆ. ತಿಂಗಳುಗಳನ್ನು ಹಬ್ಬಗಳ ಹೆಸರಿನಿಂದ ಕೇಳಿ, ದಸರೆಗೆ ಎಲ್ಲಿದ್ದಿರಿ, ಸಂಕ್ರಾಂತಿಗೆ ಎಲ್ಲಿದ್ದಿರಿ, ಶಿವರಾತ್ರಿಗೆ ಎಲ್ಲಿದ್ದಿರಿ ಎಂದು. ಜನವರಿ, ಫೆಬ್ರವರಿ ಎಂದರೆ ಹಿರಿಯರಿಗೆ ನೆನಪಾಗುವುದಿಲ್ಲ. ಚೌಕದಲ್ಲಿ ಬರೆಯುವಾಗ ಮಾತ್ರ ಇಂಗ್ಲಿಷ್ ತಿಂಗಳನ್ನೇ ಬರೆಯಿರಿ, ಏಕೆಂದರೆ 2026ರಂತೆ ಅಧಿಕ ಮಾಸವಿರುವ ವರ್ಷದಲ್ಲಿ ಅದರ ನಂತರದ ಹಬ್ಬಗಳು ಹಿಂದಿನ ವರ್ಷಕ್ಕಿಂತ ಸುಮಾರು ಮೂರು ವಾರ ಮುಂದಕ್ಕೆ ಹೋಗಿರುತ್ತವೆ.